ವಾಗ್ದಾನದ ಚೀಟಿಯೂ ನಿದ್ದೆಯಿಲ್ಲದ ರಾತ್ರಿಗಳೂ

ಆಕೆಗೆ 33 ವರ್ಷ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ನರ್ಸ್. ಕೆಂಗೇರಿಯ ಕಡೆ ತಂದೆಯೊಂದಿಗೆ ವಾಸ. ತಂದೆಗೆ ವಾರಕ್ಕೆ ಎರಡು ಬಾರಿ ಡಯಾಲಿಸಿಸ್. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕನ್ನಡ ಕ್ರೈಸ್ತ ಸಭೆಯಲ್ಲೇ ಹುಟ್ಟಿ ಬೆಳೆದ ಈ ಹೆಣ್ಣುಮಗಳು ಸಲಹೆಗೆಂದು ಬಂದು ನನ್ನೆದುರು ಕುಳಿತು ಕೇಳಿದ ಮೊದಲ ಮಾತು: “ಕರ್ತನು ನನ್ನ ಮೇಲೆ ಮುನಿಸಿಕೊಂಡಿದ್ದಾನೆಯೇ?”

ಜರ್ಮನಿಯಲ್ಲಿ ಆಕೆಗೆ ಕೆಲಸ ಸಿಕ್ಕಿತ್ತು. ಜರ್ಮನ್ ಭಾಷೆಯ ಬಿ2 ಹಂತದ ಪರೀಕ್ಷೆಯೂ ಮುಗಿದಿತ್ತು. ಹೋಗುವುದು ದೇವರ ಚಿತ್ತವೇ, ಅಲ್ಲವೇ ಎಂಬುದೊಂದೇ ಉಳಿದಿತ್ತು. ವರ್ಷದ ಕೊನೆಯ ರಾತ್ರಿಯ ಆರಾಧನೆಯಲ್ಲಿ ಎತ್ತಿಕೊಂಡ ವಾಗ್ದಾನದ ಚೀಟಿಯಲ್ಲಿ, ಅಂದರೆ ಹೊಸ ವರ್ಷಕ್ಕೆಂದು ಆರಿಸಿಕೊಳ್ಳುವ ಸತ್ಯವೇದದ (ಬೈಬಲ್‌ನ) ವಚನದ ಚೀಟಿಯಲ್ಲಿ, ಆದಿಕಾಂಡ 28:15 ಬಂದಿತ್ತು: ನೀನು ಎಲ್ಲಿಗೆ ಹೋದರೂ ನಾನು ನಿನ್ನನ್ನು ಕಾಯುತ್ತೇನೆ ಎಂಬ ಮಾತು. ಹಾಗಾದರೆ ಹೋಗಬೇಕು. ಕೆಲವು ದಿನಗಳ ನಂತರ ಕಣ್ಣು ಮುಚ್ಚಿ ಸತ್ಯವೇದ ತೆರೆದಾಗ ಬೆರಳು ನಿಂತದ್ದು ಒಂದನೆಯ ತಿಮೊಥೆಯ 5:8ರ ಮೇಲೆ. ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬಿಕೆಯನ್ನೇ ತಿರಸ್ಕರಿಸಿದವನು. ಹಾಗಾದರೆ ಹೋಗಬಾರದು. ಅಲ್ಲಿಂದ ಮುಂದೆ ಮೂರು ತಿಂಗಳು, ಪಾಳಿ ಮುಗಿಸಿ ಬಂದು ಹಗಲಿಡೀ ಪುಟ ತಿರುವುವುದೇ ಆಯಿತು. ಎರಡು ಬಾರಿ ಉಪವಾಸ ಮಾಡಿದಳು. ತನ್ನ ಸಭೆಯದಲ್ಲದ, ವಿವೇಕನಗರದ ಬಾಲಯೇಸುವಿನ ಕ್ಯಾಥೊಲಿಕ್ ದೇವಾಲಯಕ್ಕೆ ಗುರುವಾರಗಳಂದು ಹೋಗಿ ಮೇಣದಬತ್ತಿಯನ್ನೂ ಹಚ್ಚಿದ್ದಳು. ಇದನ್ನು ತನ್ನ ಸಭಾಪಾಲಕರಿಗೆ ಹೇಳಿರಲಿಲ್ಲ, ನನಗೆ ಹೇಳುವಾಗಲೂ ತಲೆ ತಗ್ಗಿಸಿದಳು.

ದಿನಕ್ಕೆ ಎಷ್ಟು ಹೊತ್ತು ನಿದ್ದೆ ಎಂದು ಕೇಳಿದೆ. ಮೂರು ಗಂಟೆ. ಬದುಕು ಸಾಕು ಎನಿಸಿದೆಯೇ ಎಂದೂ ನೇರವಾಗಿಯೇ ಕೇಳಿದೆ. ಇಲ್ಲ ಎಂದಳು, ದಣಿವು ಮಾತ್ರ. ಆದರೂ ಆ ವಾರವೇ ವೈದ್ಯರನ್ನು ಕಾಣುವಂತೆ ಹೇಳಿದೆ. ಪ್ರಾರ್ಥನೆ ಇರುವಾಗ ವೈದ್ಯರು ಏಕೆ ಎಂದು ನರ್ಸ್ ಆಗಿದ್ದೂ ಆಕೆ ಕೇಳಿದ್ದು ನನ್ನನ್ನು ಕಲಕಿತು. ಆಗ ಪ್ರವಾದಿ ಎಲೀಯನ ಕಥೆಯನ್ನು ಒಟ್ಟಿಗೆ ಓದಿದೆವು. ಹೋರೇಬ್ ಬೆಟ್ಟದಲ್ಲಿ ಅವನು ಕೇಳಿಸಿಕೊಂಡ ದೇವರ ಮೆಲುದನಿ ಎಲ್ಲರಿಗೂ ನೆನಪಿದೆ. ಅದಕ್ಕೂ ಮೊದಲು, ಸಾವನ್ನೇ ಬೇಡಿ ಗಿಡದ ಕೆಳಗೆ ಮಲಗಿದವನನ್ನು ದೂತನು ಎರಡು ಬಾರಿ ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟದ್ದು ಅಷ್ಟಾಗಿ ನೆನಪಿರುವುದಿಲ್ಲ. ದೇವರು ಅವನಿಗೆ ಉಪದೇಶ ಮಾಡಲಿಲ್ಲ, ಮೊದಲು ಉಣಿಸಿ ಮಲಗಿಸಿದನು. ಇದನ್ನು ಓದುವಾಗ ಆಕೆ ಅತ್ತಳು.

ಎರಡನೆಯ ಭೇಟಿಯಲ್ಲಿ ಗಿದ್ಯೋನನ ಉಣ್ಣೆಯ ಮಾತೆತ್ತಿದಳು. ದೇವರು ಯುದ್ಧಕ್ಕೆ ಕರೆದಾಗ ಅವನು ಕಣದಲ್ಲಿ ಉಣ್ಣೆ ಹರಡಿ, ಅದರ ಮೇಲೆ ಮಾತ್ರ ಇಬ್ಬನಿ ಬೀಳಲಿ ಎಂದು ಗುರುತು ಬೇಡಿದ ಕಥೆ ಅದು. ಅವನು ಗುರುತು ಕೇಳಲಿಲ್ಲವೇ? ಕೇಳಿದನು. ಆದರೆ ದೇವರು ತನ್ನ ಚಿತ್ತವನ್ನು ಅವನಿಗೆ ಮೊದಲೇ ಸ್ಪಷ್ಟವಾಗಿ ತಿಳಿಸಿದ್ದನು. ಉಣ್ಣೆಯನ್ನು ಹರಡಿಸಿದ್ದು ಅವನ ಭಯ, ದೇವರು ಆ ಭಯವನ್ನು ತಾಳಿಕೊಂಡನು. ಅದನ್ನು ದಾರಿ ಹುಡುಕುವ ವಿಧಾನವೆಂದು ಕಲಿಸುವುದನ್ನು ನಾನು ಒಪ್ಪುವುದಿಲ್ಲ. ಚೀಟಿಯಲ್ಲಿದ್ದ ವಚನವನ್ನೂ ಪೂರ್ತಿಯಾಗಿ ಓದಿಸಿದೆ. ಈ ದೇಶಕ್ಕೆ ನಿನ್ನನ್ನು ತಿರುಗಿ ಬರಮಾಡುತ್ತೇನೆ ಎಂಬ ಮಾತೂ ಅದರಲ್ಲಿದೆ. ಅದನ್ನು ಕೇಳಿಸಿಕೊಂಡ ಯಾಕೋಬನು ಗುರುತು ಹುಡುಕುತ್ತಿರಲಿಲ್ಲ; ಮನೆ ಬಿಟ್ಟು ಓಡಿಬಂದವನು, ಕಲ್ಲನ್ನು ತಲೆದಿಂಬು ಮಾಡಿಕೊಂಡು ಮಲಗಿದ್ದನು. “ನಿನ್ನ ಸಂಗಡ ಇದ್ದೇನೆ” ಎಂಬುದೇ ಅಲ್ಲಿನ ವಾಗ್ದಾನ.

ಮಾತು ಮುಂದುವರಿದಂತೆ ಇನ್ನೊಂದು ಸಂಗತಿ ಹೊರಬಿತ್ತು. ಹಾಸನದಲ್ಲಿರುವ ಅಣ್ಣನೊಂದಿಗೆ ತಂದೆಯ ಆರೈಕೆಯ ಬಗ್ಗೆ ಆಕೆ ಒಂದು ಮಾತನ್ನೂ ಆಡಿರಲಿಲ್ಲ. ತಂದೆಯನ್ನೂ ಕೇಳಿರಲಿಲ್ಲ. ಅವರಿಬ್ಬರನ್ನು ಕೇಳಬೇಕಾದ ಪ್ರಶ್ನೆಯನ್ನು ದೇವರಿಗೇ ಕೇಳಿ, ಉತ್ತರ ಬರಲಿಲ್ಲವೆಂದು ನೊಂದುಕೊಂಡಿದ್ದಳು.

ನಾನು ಹೇಳಿದ್ದಿಷ್ಟು. ಒಂದು ತಿಂಗಳು ಕಣ್ಣು ಮುಚ್ಚಿ ಸತ್ಯವೇದ ತೆರೆಯಬೇಡ. ಯೇಸುವಿನ ಜೀವನ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದನ್ನೇ ಮೊದಲಿನಿಂದ ದಿನಕ್ಕೆ ಸ್ವಲ್ಪ ಓದು, ಏನನ್ನೂ ಕೇಳದೆ. ಹದಿಮೂರನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದು. “ಎಷ್ಟರ ತನಕ” ಎಂದು ದೇವರನ್ನೇ ದಬಾಯಿಸುವ ಧೈರ್ಯ ಅದರಲ್ಲಿದೆ, ಅದೂ ಪ್ರಾರ್ಥನೆಯೇ. ಮನಸ್ಸು ಕತ್ತಲಲ್ಲಿರುವಾಗ ದೊಡ್ಡ ತೀರ್ಮಾನ ಬೇಡವೆಂದು 16ನೆಯ ಶತಮಾನದಲ್ಲೇ ಯೇಸುಸಭೆಯ (ಜೆಸ್ವಿಟ್) ಸ್ಥಾಪಕ ಇಗ್ನೇಷಿಯಸ್ ಲೊಯೋಲ ಬರೆದಿಟ್ಟಿದ್ದಾನೆ. ಆದ್ದರಿಂದ ಕೆಲಸಕ್ಕೆ ಸೇರುವ ದಿನಾಂಕವನ್ನು ಮುಂದೂಡಲು ಕೇಳು. ಅಣ್ಣನಿಗೆ ಈ ವಾರವೇ ಫೋನ್ ಮಾಡು. ಹೋಗು, ಹೋಗಬೇಡ ಎಂದು ನಾನು ಹೇಳುವುದಿಲ್ಲ ಎಂದಾಗ ಆಕೆಗೆ ಸಿಟ್ಟು ಬಂತು. ಬರಲಿ ಎಂದು ಸುಮ್ಮನಿದ್ದೆ.

ಅಣ್ಣ ಬಂದನು. ಪೂರ್ತಿ ಒಪ್ಪಿಲ್ಲ, ಆದರೆ ತಿಂಗಳಿಗೆ ಒಂದು ವಾರ ತಂದೆಯೊಂದಿಗೆ ಇರುತ್ತೇನೆ ಎಂದಿದ್ದಾನೆ. ಹೋಗೆಂದೇ ತಂದೆ ಹೇಳಿದರಂತೆ, ಹೇಳಿ ಗೋಡೆಯ ಕಡೆ ತಿರುಗಿದರಂತೆ. ಎರಡನ್ನೂ ಆಕೆ ದೇವರ ಮುಂದೆ ಇಟ್ಟಿದ್ದಾಳೆ, ಇನ್ನೂ ತೀರ್ಮಾನಿಸಿಲ್ಲ.

ಐದನೆಯ ಭೇಟಿಯಲ್ಲಿ ಹಿಂದಿನ ದಿನದ ಸಂಗತಿ ಹೇಳಿದಳು. ಪಾಳಿ ಮುಗಿಸಿ ಮೆಟ್ರೊ ಹತ್ತಿದವಳು ಮೊಬೈಲ್‌ನಲ್ಲಿ ವಚನ ಹುಡುಕದೆ, “ಕರ್ತನೇ, ಭಯವಾಗುತ್ತಿದೆ” ಎಂದಷ್ಟೇ ಹೇಳಿ ಕಣ್ಣು ಮುಚ್ಚಿದಳಂತೆ. ಎಚ್ಚರವಾದಾಗ ಕೆಂಗೇರಿ ದಾಟಿಹೋಗಿತ್ತು, ರೈಲು ಚಲ್ಲಘಟ್ಟದಲ್ಲಿ ನಿಂತಿತ್ತು.