ಮೂರನೆಯ ಪಿನ್ನು

ಟವರ್ ಬಂದ ಮೇಲೆ ನಿದ್ದೆ ಹೋಯಿತು, ವೈಫೈ ಹಾಕಿಸಿದ ಮೇಲೆ ತಲೆ ಸಿಡಿಯುತ್ತದೆ, ಕಂಪ್ಯೂಟರ್ ಮುಂದೆ ಕೂತರೆ ಮುಖ ಉರಿಯುತ್ತದೆ. ಈ ದೂರುಗಳನ್ನು ಹೊತ್ತು ಆಪ್ತಸಲಹೆಗೆಂದು ಬರುವವರು ನನ್ನಲ್ಲಿಗೆ ಬರುವ ಮೊದಲೇ ಇಬ್ಬರನ್ನು ಕಂಡಿರುತ್ತಾರೆ. ಒಬ್ಬರು "ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದೀರಿ" ಎಂದು ಕಳಿಸಿದವರು, ಇನ್ನೊಬ್ಬರು ವಿಕಿರಣ ತಡೆಯುವ ಸ್ಟಿಕ್ಕರ್ ಮಾರಿದವರು. ಈ ಪ್ರಕರಣದಲ್ಲಿ ನಾನೂ ಮೊದಲನೆಯವರ ಸಾಲಿಗೆ ಸೇರುವುದರಲ್ಲಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಆಕೆ ಗಂಗಾವತಿ ಕಡೆಯವರು, ವಯಸ್ಸು ನಲವತ್ತರ ಆಸುಪಾಸು. ಮೂರು ಅಕ್ಕಿ ಗಿರಣಿಗಳ ಲೆಕ್ಕಪತ್ರವನ್ನು ಮನೆಯಲ್ಲೇ ಕೂತು ನೋಡಿಕೊಳ್ಳುತ್ತಾರೆ. ಗಂಡನದು ಗೊಬ್ಬರದ ಅಂಗಡಿ. ಪಡಸಾಲೆಯ ಮೂಲೆಯಲ್ಲಿ ಕಂಪ್ಯೂಟರ್, ಕಾಲಿಗೆ ತಾಗುವಂತೆ ಯುಪಿಎಸ್, ತಲೆಯ ಮೇಲಿನ ಗೂಡಿನಲ್ಲಿ ರೂಟರ್. ಒಂದು ವರ್ಷದಿಂದ ತಲೆನೋವು, ಮುಖದ ಉರಿ, ಬೆರಳುಗಳಲ್ಲಿ ಜುಮುಜುಮು. ವೈದ್ಯರು ರಕ್ತ, ಥೈರಾಯ್ಡ್, ರಕ್ತದೊತ್ತಡ ಎಲ್ಲವನ್ನೂ ನೋಡಿ ತೊಂದರೆಯಿಲ್ಲ ಎಂದಿದ್ದರು. ಆಕೆ ಕಂಪ್ಯೂಟರ್ ಪೆಟ್ಟಿಗೆಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿದ್ದರು. ಮೊಬೈಲ್ ಮುಟ್ಟುವುದನ್ನು ಬಿಟ್ಟಿದ್ದರು. ಒಂದು ಗಿರಣಿಯ ಕೆಲಸವನ್ನು ಬಿಟ್ಟುಬಿಡುವ ಯೋಚನೆಯಲ್ಲಿದ್ದರು.

ಮೂರನೆಯ ಭೇಟಿಗೆ ಗಂಡನೂ ಬಂದರು. ಕುರ್ಚಿಯಲ್ಲಿ ಕೂರುವ ಮೊದಲೇ ಮಾತು ಶುರುವಾಯಿತು.

"ಮೇಡಂ, ನಾನೊಂದು ಪರೀಕ್ಷೆ ಮಾಡಿದೆ. ಮಗನಿಗೆ ಹೇಳಿ ರೂಟರಿನ ವೈಫೈ ಮಾತ್ರ ಬಂದ್ ಮಾಡಿಸಿದೆ, ದೀಪ ಉರಿಯುತ್ತಲೇ ಇತ್ತು. ಕಂಪ್ಯೂಟರಿಗೆ ತಂತಿಯಲ್ಲಿ ನೆಟ್ ಬರುತ್ತದೆ, ಇವಳಿಗೆ ಗೊತ್ತೇ ಆಗಲಿಲ್ಲ. ಆ ನಾಲ್ಕು ದಿನವೂ ತಲೆ ಹಿಡಿದುಕೊಂಡು ಮಲಗಿದಳು. ಈಗ ಏನು ಹೇಳುತ್ತೀರಿ?"

ಅವರ ಮುಖದಲ್ಲಿ ಕಳ್ಳನನ್ನು ಹಿಡಿದ ಕಳೆಯಿತ್ತು. ಒಪ್ಪಿಕೊಳ್ಳುತ್ತೇನೆ, ಮನಸ್ಸಿನೊಳಗೆ ನಾನೂ ತಲೆಯಾಡಿಸಿದೆ. ವಿಜ್ಞಾನಿಗಳು ಮಾಡಿದ್ದೂ ಇದನ್ನೇ. 2010ರಲ್ಲಿ ಪ್ರಕಟವಾದ ಒಂದು ವಿಮರ್ಶೆ ಇಂಥ 46 ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ತಮಗೆ ವಿದ್ಯುತ್ಕಾಂತ ಕ್ಷೇತ್ರ, ಅಂದರೆ ವೈಫೈ, ಮೊಬೈಲ್, ವಿದ್ಯುತ್ ಉಪಕರಣಗಳ ಸುತ್ತ ಹರಡುವ ಪ್ರಭಾವ, ಆಗಿಬರುವುದಿಲ್ಲ ಎನ್ನುವ 1,175 ಜನ ಅವುಗಳಲ್ಲಿ ಭಾಗವಹಿಸಿದ್ದರು. ಕ್ಷೇತ್ರ ಇದೆಯೋ ಇಲ್ಲವೋ ಎಂಬುದು ಅವರಿಗೂ ಪ್ರಯೋಗ ನಡೆಸುವವರಿಗೂ ತಿಳಿಯದಂತೆ ನೋಡಿದಾಗ, ಅದರಿಂದಲೇ ತೊಂದರೆ ಎನ್ನುವುದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಸುಳ್ಳು ಕ್ಷೇತ್ರಕ್ಕೂ ನಿಜವಾದ ತಲೆನೋವು ಬಂದಿತ್ತು. ಆದರೆ ಆ ಜನ ಒಪ್ಪಿಗೆ ಕೊಟ್ಟು ಕೂತವರು. ಇಲ್ಲಿ ಗಂಡ ಮತ್ತು ಮಗ ಸೇರಿ ಮನೆಯೊಡತಿಯ ಮೇಲೆ ಪತ್ತೇದಾರಿ ನಡೆಸಿದ್ದರು.

ಆಕೆ ಗಂಡನ ಕಡೆ ತಿರುಗಲಿಲ್ಲ. ನನ್ನನ್ನು ಕೇಳಿದರು: "ಅಕ್ಕ, ಹಾಗಾದರೆ ಆ ನಾಲ್ಕು ದಿನ ನನಗೆ ನೋವೇ ಆಗಲಿಲ್ಲವೇ?"

ನಾನು ಬಾಯಿ ತೆರೆಯುವಷ್ಟರಲ್ಲಿ ಬೆರಳುಗಳನ್ನು ನೋಡಿಕೊಳ್ಳುತ್ತ ಇನ್ನೊಂದು ಮಾತು ಸೇರಿಸಿದರು: "ಪೆಟ್ಟಿಗೆ ಮುಟ್ಟಿದರೆ ಜುಮ್ಮೆನ್ನುವುದೂ ಸುಳ್ಳೇ? ನೆಲ ಒರೆಸಿ ಬರಿಗಾಲಲ್ಲಿ ಕೂತಾಗಲೇ ಅದು ಹೆಚ್ಚು. ಚಪ್ಪಲಿ ಮೆಟ್ಟಿದ್ದರೆ ಇಲ್ಲ."

ಹಿಂದಿನ ಎರಡೂ ಭೇಟಿಗಳಲ್ಲಿ ಈ ಜುಮುಜುಮು ಮಾತನ್ನು ಆತಂಕದ ಲಕ್ಷಣಗಳ ಪಟ್ಟಿಯಲ್ಲಿ ಬರೆದುಕೊಂಡಿದ್ದೆ. ಯಾವಾಗ, ಎಲ್ಲಿ ಮುಟ್ಟಿದಾಗ ಎಂದು ಕೇಳಿರಲೇ ಇಲ್ಲ. ಆತಂಕಕ್ಕೆ ಚಪ್ಪಲಿಯ ಭೇದ ತಿಳಿಯುವುದಿಲ್ಲ. ಅಂದಿನ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿ, ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಆಮೇಲೆ ಬನ್ನಿ ಎಂದೆ. ಗಂಡನಿಗೆ ಸಿಟ್ಟು ಬಂತು.

ಎಲೆಕ್ಟ್ರಿಷಿಯನ್ ಹಾಳೆ ಬಿಚ್ಚಿಸಿ, ಪೆಟ್ಟಿಗೆಯ ಹಿಂದಿನ ಸ್ಕ್ರೂಗೆ ಟೆಸ್ಟರ್ ಹಿಡಿದಾಗ ಅದರೊಳಗಿನ ದೀಪ ಮಿಣುಕಿತಂತೆ. ಎಕ್ಸ್‌ಟೆನ್ಷನ್ ಬೋರ್ಡಿನ ತಂತಿಯೊಳಗೆ ಎರಡೇ ಎಳೆ. ಅರ್ಥಿಂಗಿನ ಮೂರನೆಯ ಪಿನ್ನು ಕೂರಲು ತೂತು ಇತ್ತು, ಅದರ ಹಿಂದೆ ಏನೂ ಇರಲಿಲ್ಲ. ಹಿತ್ತಲಿನ ಅರ್ಥಿಂಗ್ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು.

ಆದದ್ದಿಷ್ಟು. ಕಂಪ್ಯೂಟರಿನ ಪವರ್ ಸಪ್ಲೈಯಲ್ಲಿ ವಿದ್ಯುತ್ತಿನ ಗದ್ದಲವನ್ನು ಸೋಸಲು ಎರಡು ಸಣ್ಣ ಕೆಪಾಸಿಟರುಗಳು ಲೋಹದ ಪೆಟ್ಟಿಗೆಗೆ ಜೋಡಿಸಿರುತ್ತವೆ. ಅರ್ಥಿಂಗ್ ಇದ್ದರೆ ಅವುಗಳ ಮೂಲಕ ಸೋರುವ ಅಷ್ಟಿಷ್ಟು ವಿದ್ಯುತ್ತು ನೆಲಕ್ಕಿಳಿಯುತ್ತದೆ. ಇಲ್ಲದಿದ್ದರೆ ಪೆಟ್ಟಿಗೆಯ ಮೈ 230 ವೋಲ್ಟಿನ ಸುಮಾರು ಅರ್ಧಕ್ಕೆ ಏರಿ ನಿಲ್ಲುತ್ತದೆ. ಹರಿಯುವ ಪ್ರಮಾಣ ತೀರಾ ಕಡಿಮೆಯಾದ್ದರಿಂದ ಜುಮ್ಮೆನ್ನುತ್ತದೆ, ಅಷ್ಟೆ. ಆದರೆ ಒಳಗೆ ಬೇರೇನಾದರೂ ಕೆಟ್ಟರೆ ಜೀವಕ್ಕೇ ಅಪಾಯ. ಪೆಟ್ಟಿಗೆಗೆ ಸುತ್ತಿದ ಹಾಳೆಯೂ ಹಾಗೆಯೇ ವಿದ್ಯುತ್ತು ಹೊತ್ತಿತ್ತು, ಸಾಲದ್ದಕ್ಕೆ ಗಾಳಿಯಾಡುವ ಕಿಂಡಿಗಳನ್ನು ಮುಚ್ಚಿತ್ತು. ರಕ್ಷಣೆಗೆಂದು ಮಾಡಿದ್ದೇ ಅಪಾಯ ಹೆಚ್ಚಿಸಿತ್ತು.

ಮುಂದಿನ ಭೇಟಿಯಲ್ಲಿ ಆಕೆಗೆ ಹೇಳಿದೆ: ನಿಮ್ಮ ಬೆರಳು ಹೇಳಿದ್ದು ನಿಜ. ತಲೆನೋವೂ ನಿಜ, ಆದರೆ ಅದಕ್ಕೆ ರೂಟರ್ ಕಾರಣವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹೇಳಿದ್ದೂ ಇದೇ: ಯಾತನೆ ನಿಜ, ಅದನ್ನು ವಿದ್ಯುತ್ಕಾಂತ ಕ್ಷೇತ್ರಕ್ಕೆ ಗಂಟು ಹಾಕಲು ವೈಜ್ಞಾನಿಕ ಆಧಾರ ಇಲ್ಲ. ಈ ಎರಡು ಮಾತುಗಳಲ್ಲಿ ಒಂದನ್ನೇ ಹೇಳುವವರು ಬಹಳ. ಮೊದಲನೆಯದನ್ನು ಮಾತ್ರ ಹೇಳಿದರೆ ಸ್ಟಿಕ್ಕರ್ ಮಾರಬಹುದು, ಎರಡನೆಯದನ್ನು ಮಾತ್ರ ಹೇಳಿದರೆ ಹೆಂಡತಿಯ ಬಾಯಿ ಮುಚ್ಚಿಸಬಹುದು.

ಕೊಟ್ಟ ಸಲಹೆಯಲ್ಲಿ ಹೊಸತೇನಿರಲಿಲ್ಲ. ಮೂರು ಎಳೆಯ ತಂತಿ, ಸರಿಯಾದ ಅರ್ಥಿಂಗ್, ಮೀಟರಿನ ಬಳಿ 30 ಮಿಲಿಆಂಪಿಯರ್ ವಿದ್ಯುತ್ತು ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಬ್ರೇಕರ್. ಪರದೆ ಕೈಯಳತೆಯ ದೂರದಲ್ಲಿ, ಕಿಟಕಿಯ ಬೆಳಕು ಅದರ ಮೇಲೆ ಬೀಳದಂತೆ. ಕೆಲವು ಪರದೆಗಳು ಬೆಳಕನ್ನು ತಗ್ಗಿಸಿದಾಗ ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿಟುಕುತ್ತವೆ. ಹಾಗಾಗಿ ತೀರಾ ಮಂಕು ಮಾಡದೆ ಕೋಣೆಯಲ್ಲೂ ದೀಪ ಹಚ್ಚಿಕೊಳ್ಳುವುದು. ಕಣ್ಣಿನ ಪರೀಕ್ಷೆ ಮಾಡಿಸಿದಾಗ ಓದುವ ಕನ್ನಡಕ ಬಂತು. ನಲವತ್ತರಲ್ಲಿ ಬರಲೇಬೇಕಾದದ್ದು, ಯಾರಿಗೂ ಹೊಳೆದಿರಲಿಲ್ಲ.

ಯುಪಿಎಸ್ಸನ್ನು ಎರಡು ಮಾರು ಆಚೆ ಇಡಲು, ರೂಟರನ್ನು ಉದ್ದದ ತಂತಿ ಎಳೆದು ಮುಂದಿನ ಕೋಣೆಗೆ ಸಾಗಿಸಲು ಒಪ್ಪಿದೆ. ಇದಕ್ಕೆ ವೃತ್ತಿಬಾಂಧವರೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು, ತಪ್ಪು ನಂಬಿಕೆಗೆ ನೀರೆರೆದಿರಿ ಎಂದು. ಇರಬಹುದು. ಯುಪಿಎಸ್ಸಿನ ಟ್ರಾನ್ಸ್‌ಫಾರ್ಮರಿನಂಥದ್ದರ ಸುತ್ತಲಿನ ಕಾಂತಕ್ಷೇತ್ರ ದೂರ ಇಮ್ಮಡಿಯಾದರೆ ಸುಮಾರು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಎರಡು ಮಾರು ದೂರ ಆಕೆಯ ಭಯಕ್ಕೂ ಸಾಕು, ಭೌತಶಾಸ್ತ್ರಕ್ಕೂ ಸಾಕು. ಬದುಕನ್ನು ಕಿರಿದು ಮಾಡದ ಬದಲಾವಣೆಗೆ ನಾನು ಅಡ್ಡಬರುವುದಿಲ್ಲ. ಸ್ಟಿಕ್ಕರ್, ಹಾಳೆ, ಕೆಲಸ ಬಿಡುವುದು: ಈ ಮೂರಕ್ಕೆ ಖಡಾಖಂಡಿತವಾಗಿ ಬೇಡ ಎಂದೆ.

ಎರಡು ತಿಂಗಳು ತಲೆನೋವಿನ ದಿನಚರಿ ಬರೆಯಿಸಿದೆ. ನೋವು ಗುಂಪುಗಟ್ಟಿದ್ದು ಪ್ರತಿ ತಿಂಗಳ 8ರಿಂದ 20ರವರೆಗೆ. ಜಿಎಸ್‌ಟಿ ವಿವರ ಸಲ್ಲಿಸಲು 11 ಮತ್ತು 20 ಕೊನೆಯ ದಿನಗಳು. ಆ ದಿನಗಳಲ್ಲಿ ಕಂಪ್ಯೂಟರ್ ಮುಂದೆ ಕೂರುವ ಹೊತ್ತೂ ಹೆಚ್ಚು ಅಲ್ಲವೇ ಎಂದು ಆಕೆ ವಾದಿಸಿದರು. ಸರಿಯಾದ ವಾದ. ಲೆಕ್ಕ ಬರೆಯುವವರ ಜೊತೆ ಅಂಕಿ ಹಿಡಿದು ವಾದಿಸಬಾರದು. ಗಿರಣಿಯವರಿಂದ ರಸೀದಿಗಳನ್ನು ತಿಂಗಳ ಮೊದಲ ವಾರವೇ ತರಿಸಿಕೊಳ್ಳಿ ಎಂದು ಮಾತ್ರ ಹೇಳಿದೆ.

ಗಂಡ ಕ್ಷಮೆ ಕೇಳಿದರೇ, ನನಗೆ ಗೊತ್ತಿಲ್ಲ. ಬೇಸಿಗೆಯಲ್ಲಿ ಆಕೆ ಫೋನ್ ಮಾಡಿದ್ದರು, ಮೊಬೈಲಿನಿಂದಲೇ. ತಲೆನೋವು ಈಗಲೂ ವಾರಕ್ಕೊಮ್ಮೆ ಬರುತ್ತದೆಯಂತೆ. ಅರ್ಥಿಂಗ್ ಗುಂಡಿ ಒಣಗದಂತೆ ಪ್ರತಿ ಭಾನುವಾರ ಗಂಡನೇ ಎರಡು ಕೊಡ ನೀರು ಹೊಯ್ಯುತ್ತಾರಂತೆ.