ಗೆಟ್ ಅಂದ್ರೆ ಸಿಗೋದಾ, ಆಗೋದಾ, ಮಾಡಿಸೋದಾ?

ಪ್ರಶ್ನೆ: ಸರ್, ಗೆಟ್ ಅಂದ್ರೆ ಪಡೆಯೋದು ಅಂತ ಓದಿದ್ದು ನಾನು. ಆದ್ರೆ ‘ಗೆಟ್ ಆಂಗ್ರಿ’ ಅಂತಾರೆ, ‘ಗೆಟ್ ಹೋಮ್’ ಅಂತಾರೆ, ಮೊನ್ನೆ ಯಾರೋ ‘ಐ ಗಾಟ್ ಮೈ ಹೇರ್ ಕಟ್’ ಅಂದ್ರು. ಇದ್ರಲ್ಲಿ ಪಡೆಯೋದು ಎಲ್ಲಿದೆ? ಎಷ್ಟು ಅರ್ಥ ಅಂತ ಬಾಯಿಪಾಠ ಮಾಡ್ಲಿ?

ಉತ್ತರ: ಬಾಯಿಪಾಠ ಬೇಡವೇ ಬೇಡ. ಗೆಟ್ ಆದ್ಮೇಲೆ ಯಾವ ಪದ ಬಂದಿದೆ ನೋಡಿ, ಅರ್ಥ ಅಲ್ಲೇ ಇರುತ್ತೆ. ವಸ್ತು ಬಂದ್ರೆ ಸಿಗೋದು ಅಥವಾ ತರೋದು, ‘ಐ ಗಾಟ್ ಎ ಲೆಟರ್’ ಅಂದ್ರೆ ಪತ್ರ ಬಂತು ಅಷ್ಟೇ. ಜಾಗ ಬಂದ್ರೆ ತಲುಪೋದು. ನಾವು ‘ಮನೆಗೆ’ ಅಂತೀವಲ್ಲ, ಆ ‘ಗೆ’ ತಲೇಲಿಟ್ಕೊಂಡು ‘ಗೆಟ್ ಟು ಹೋಮ್’ ಅಂದ್ಬಿಡ್ತೀವಿ, ಅದು ತಪ್ಪು, ಆಫೀಸಿಗೆ ‘ಟು’ ಬೇಕು, ಹೋಮ್‌ಗೆ ಬೇಡ.

ಗುಣ, ಸ್ಥಿತಿ ಹೇಳೋ ಪದ ಬಂದ್ರೆ ಬದಲಾವಣೆ. ‘ಐ ಆಮ್ ಆಂಗ್ರಿ’ ಅಂದ್ರೆ ಈಗ ಕೋಪದಲ್ಲಿದೀನಿ, ‘ಐ ಗಾಟ್ ಆಂಗ್ರಿ’ ಅಂದ್ರೆ ಕೋಪ ಬಂತು. ‘ಗೆಟ್ ಮ್ಯಾರೀಡ್’ ಕೂಡ ಹಂಗೇ, ಮದುವೆ ಆಗೋದು. ಆದ್ರೆ ‘ಜೊತೆ’ ಅನ್ನೋದನ್ನ ಎತ್ಕೊಂಡೋಗಿ ‘ಮ್ಯಾರೀಡ್ ವಿತ್’ ಅನ್ಬೇಡಿ, ಯಾರನ್ನ ಮದುವೆ ಆದ್ರು ಅಂತ ಹೇಳೋಕೆ ‘ಟು’ ಬರ್ಬೇಕು.

ನಿಮ್ಮ ಹೇರ್‌ಕಟ್ ವಿಷ್ಯ ನಂಗೆ ತುಂಬಾ ಇಷ್ಟ, ಯಾಕಂದ್ರೆ ಇದಕ್ಕೆ ಕನ್ನಡದಲ್ಲಿ ಚೆಂದದ ಜೋಡಿ ಇದೆ: ಮಾಡು-ಮಾಡಿಸು, ಬರಿ-ಬರೆಸು, ಹೊಲಿ-ಹೊಲಿಸು. ಆ ‘ಇಸು’ ಮಾಡೋ ಕೆಲಸಾನೇ ಇಲ್ಲಿ ಗೆಟ್ ಮಾಡ್ತಿರೋದು. ‘ಐ ಕಟ್ ಮೈ ಹೇರ್’ ಅಂದ್ರೆ ಕತ್ತರಿ ನಿಮ್ಮ ಕೈಲೇ ಇತ್ತು ಅಂತ ಸಾಮಾನ್ಯವಾಗಿ ಅರ್ಥ ಮಾಡ್ಕೋತಾರೆ, ‘ಗಾಟ್ ಮೈ ಹೇರ್ ಕಟ್’ ಅಂದ್ರೆ ಕಟ್ ಮಾಡಿಸ್ಕೊಂಡ್ರಿ. ಯಾರಿಂದ ಮಾಡಿಸಿದ್ರಿ ಅಂತಾನೂ ಹೇಳ್ಬೇಕಾ, ಆಗ ‘ಐ ಗಾಟ್ ಹಿಮ್ ಟು ಸೈನ್’, ಅಂದ್ರೆ ಹೇಳಿ ಒಪ್ಪಿಸಿ ಸೈನ್ ಹಾಕಿಸ್ದೆ. ಇದೇ ‘ಐ ಮೇಡ್ ಹಿಮ್ ಸೈನ್’ ಅಂದ್ರೆ ಒತ್ತಾಯದ ವಾಸನೆ ಬರುತ್ತೆ, ಅಲ್ಲಿ ‘ಟು’ ಇಲ್ಲ ಅನ್ನೋದು ಗಮನಿಸಿ. ‘ಹಿ ಗಾಟ್ ಕಾಟ್’ ಅಂದ್ರೆ ಸಿಕ್ಕಿಬಿದ್ದ, ಇಲ್ಲಿ ಕನ್ನಡದಲ್ಲೂ ‘ಸಿಕ್ಕಿ’ ಬಂತು ನೋಡಿ!

‘ಐ ಹ್ಯಾವ್ ಗಾಟ್ ಎ ಕಾರ್’ ಅಂದ್ರೆ ಕಾರು ಇದೆ ಅಂತಷ್ಟೇ. ಗೆಟ್, ಗಾಟ್ ಆದ್ಮೇಲೆ ಬರೋ ಮೂರನೇ ರೂಪಕ್ಕೆ ಅಮೆರಿಕದವರು ‘ಗಾಟನ್’ ಅಂತಾರಲ್ಲ, ಅದು ತಪ್ಪಲ್ಲ, ಹಳೇ ರೂಪ, ಬ್ರಿಟನ್ನಿನಲ್ಲಿ ಬಳಕೆ ತಪ್ಪಿತು, ಅಮೆರಿಕದಲ್ಲಿ ಉಳ್ಕೊಂಡಿದೆ.

ಆಫೀಸ್ ಪತ್ರದಲ್ಲಿ ಮಾತ್ರ ಗೆಟ್ ಕಮ್ಮಿ ಮಾಡಿ, ‘ರಿಸೀವ್ಡ್’ ಅಂತಾನೇ ಬರೀರಿ.