ಯಾವ ಸೀರಿಯಲ್ ನೋಡೋಣ, ಯಾವುದನ್ನು ಬಿಡೋಣ?

ಸಂಜೆಯ ಸೀರಿಯಲ್‌ಗಳ ಬಗ್ಗೆ ಕೇಳುವುದಿದ್ದರೆ ಬರೆಯಿರಿ ಅಂತ ಕಳೆದ ಸಂಚಿಕೆಯಲ್ಲಿ ಹೇಳಿದ್ದೆ. ಈ ಸಲ ಕಾಸರಗೋಡು ಕಡೆಯಿಂದಲೇ ಜಾಸ್ತಿ ಪತ್ರ ಬಂದಿವೆ, ಸೊಲ್ಲಾಪುರ ಜಿಲ್ಲೆಯಿಂದಲೂ ಒಂದು ಬಂದಿದೆ. ಹೆಚ್ಚಿನವರು ಕೇಳಿರುವುದು ಒಂದೇ, ಇಷ್ಟರಲ್ಲಿ ಯಾವುದನ್ನು ಮುಂದುವರಿಸಬೇಕು ಅಂತ.

ಪ್ರಶ್ನೆ: ಅಕ್ಕಾ, ನಮ್ಮಲ್ಲಿ ಸಂಜೆ ಆರೂವರೆಗೆ ಟಿವಿ ಹಾಕಿದರೆ ರಾತ್ರಿ ಹತ್ತರವರೆಗೆ ಬಂದ್ ಆಗುವುದಿಲ್ಲ. ಐದು ಸೀರಿಯಲ್ ನೋಡುತ್ತೇವೆ. ಮಗ ಈ ವರ್ಷ ಹತ್ತನೇ ಕ್ಲಾಸ್, ಹಾಗಾಗಿ ಎರಡನ್ನಾದರೂ ಬಿಡಬೇಕು. ಒಂದನ್ನು ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ. ಈಗ ಬಿಟ್ಟರೆ ಅಷ್ಟು ದಿನ ನೋಡಿದ್ದೆಲ್ಲ ದಂಡ ಅಲ್ವಾ?
– ಗೃಹಿಣಿ, ಬದಿಯಡ್ಕ

ಉತ್ತರ: ದಂಡ ಅಲ್ಲ. ನೋಡುವಾಗ ನಿಮಗೆ ಖುಷಿಯಾಗಿದೆ, ಅತ್ತೆಯೋ ಪಕ್ಕದ ಮನೆಯವರೋ ಸಿಕ್ಕಾಗ ಅದರ ಬಗ್ಗೆ ಮಾತಾಡಿದ್ದೀರಿ. ಅದು ಆಗಲೇ ನಿಮಗೆ ಸಿಕ್ಕಿ ಆಗಿದೆ, ಯಾರೂ ವಾಪಸ್ ಕೇಳುವುದಿಲ್ಲ. ಲೆಕ್ಕ ಹಾಕಬೇಕಾದ್ದು ಮುಂದಿನ ದಿನಗಳನ್ನು. ಅರ್ಧ ಗಂಟೆಯ ಸೀರಿಯಲ್ ವಾರಕ್ಕೆ ಐದು ದಿನ ಅಂದರೆ ಎರಡೂವರೆ ಗಂಟೆ. ವರ್ಷಕ್ಕೆ 130 ಗಂಟೆ. ಶನಿವಾರವೂ ಬಂದರೆ ಇನ್ನೂ ಜಾಸ್ತಿ. ಈ ವರ್ಷ ನಿಮ್ಮ ಮಗನ ಪಕ್ಕ ಕೂರುವುದಕ್ಕೆ ಬೇಕಾದ ಹೊತ್ತು ಅದರಲ್ಲೇ ಉಂಟು.

ಯಾವುದನ್ನು ಬಿಡುವುದು ಅನ್ನುವುದಕ್ಕೆ ನಾನು ನೋಡುವ ಮುಖ್ಯ ವಿಷಯ ಒಂದೇ. ಕಳೆದ ಎರಡು ವಾರದಲ್ಲಿ ಕಥೆಯ ಮುಖ್ಯ ಪಾತ್ರ ತಾನಾಗಿ ಒಂದು ನಿರ್ಧಾರ ತೆಗೆದುಕೊಂಡಿತಾ? ಆ ನಿರ್ಧಾರದಿಂದ ಯಾರ ಬದುಕಾದರೂ ಸ್ವಲ್ಪ ಆಚೆ ಈಚೆ ಆಯಿತಾ? ನೆನಪಿಸಿಕೊಳ್ಳಿ. ನಾಯಕಿ ಮೆಟ್ಟಿಲಿಂದ ಬಿದ್ದಳು, ಹಾಲಿಗೆ ಯಾರೋ ಏನೋ ಬೆರೆಸಿದರು, ಪೂಜೆಯ ದಿನವೇ ತಾಳಿ ಕಾಣೆಯಾಯಿತು, ಬಾಗಿಲ ಮರೆಯಲ್ಲಿ ನಿಂತು ಯಾರೋ ಕೇಳಿಸಿಕೊಂಡರು ಅನ್ನುವುದಷ್ಟೇ ನೆನಪಿಗೆ ಬಂದರೆ, ಅವೆಲ್ಲ ಅವಳಿಗೆ ಆಗುತ್ತಿರುವುದು. ಅವಳು ಏನೂ ಮಾಡುತ್ತಿಲ್ಲ. ಅಂಥ ಸೀರಿಯಲ್ ಒಂದು ತಿಂಗಳು ಬಿಟ್ಟು ನೋಡಿದರೂ ನೀವು ಬಿಟ್ಟ ಜಾಗದಲ್ಲೇ ಇರುತ್ತದೆ. ಅದನ್ನು ಬಿಡಿ. ಅವಳು ಕೆಲಸಕ್ಕೆ ಹೋಗುತ್ತೇನೆ ಅಂದಳು, ಗಂಡನ ಸಾಲದ ಕಾಗದಕ್ಕೆ ಸಹಿ ಹಾಕುವುದಿಲ್ಲ ಅಂದಳು, ತಂಗಿಯ ಮದುವೆ ತಾನೇ ನಿಂತು ಮುರಿದಳು, ಅದರಿಂದ ಮನೆಯಲ್ಲಿ ಮಾತು ನಿಂತಿತು ಅಂತಿದ್ದರೆ ಆ ಕಥೆಗೆ ಜೀವ ಇದೆ. ಅದನ್ನು ಇಟ್ಟುಕೊಳ್ಳಿ, ನಾಲ್ಕೇ ತಿಂಗಳ ಹಿಂದೆ ಶುರುವಾದದ್ದಾದರೂ ಇಟ್ಟುಕೊಳ್ಳಿ.

'ಪುಟ್ಟಕ್ಕನ ಮಕ್ಕಳು' 2021ರ ಡಿಸೆಂಬರಿನಲ್ಲಿ ಶುರುವಾದಾಗ ಜನ ಹಿಡಿದು ಕೂತದ್ದು ಇದೇ ಕಾರಣಕ್ಕೆ ಅಂತ ನನಗನಿಸುತ್ತದೆ. ಗಂಡು ಮಗು ಆಗಲಿಲ್ಲ ಅಂತ ಗಂಡ ಕೈಬಿಟ್ಟ ಹೆಂಗಸು, ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುತ್ತಾಳೆ. ಬೆಳಿಗ್ಗೆ ಎದ್ದರೆ ಅವಳಿಗೆ ಮಾಡಲು ಕೆಲಸ ಇರುತ್ತದೆ. ಉಮಾಶ್ರೀ ಅವರ ಮುಖ ನೋಡಿದರೆ ಆ ಕೆಲಸದ ದಣಿವು ಗೊತ್ತಾಗುತ್ತದೆ. ಪಾತ್ರಕ್ಕೆ ಒಂದು ದುಡಿಮೆ ಇದ್ದರೆ ಕಥೆ ಹಾಲ್‌ನ ಸೋಫಾದಿಂದ ಎದ್ದು ಹೊರಗೆ ಬರುತ್ತದೆ.

ಇನ್ನೊಂದು, ಗುಟ್ಟಿನ ವಿಷಯ. ಆರು ತಿಂಗಳಿಂದ ಒಂದೇ ಗುಟ್ಟಿನ ಮೇಲೆ ಕಥೆ ಓಡುತ್ತಿದೆಯಾ? ಓಡಲಿ, ತಪ್ಪಿಲ್ಲ. ಆದರೆ ಆ ಮಾತನ್ನು ಹೇಳದೇ ಇರುವುದಕ್ಕೆ ಆ ಮನುಷ್ಯನಿಗೆ ಸರಿಯಾದ ಕಾರಣ ಇರಬೇಕು. ಹೇಳಲು ಬಾಯಿ ತೆರೆದಾಗೆಲ್ಲ ಫೋನ್ ಬರುವುದು ಕಾರಣ ಅಲ್ಲ.

ಹೀಗೆ ಯಾಕೆ ಎಳೆಯುತ್ತಾರೆ ಅಂತ ನಿಮಗೆ ಅನಿಸಬಹುದು. ನಮ್ಮ ಹೆಚ್ಚಿನ ಸೀರಿಯಲ್‌ಗಳಿಗೆ ಶುರುವಾಗುವಾಗ ಇಷ್ಟೇ ಎಪಿಸೋಡ್ ಅಂತ ನಿಗದಿ ಇರುವುದಿಲ್ಲ. ಬಾರ್ಕ್ ಸಂಸ್ಥೆ ಮೀಟರ್ ಇಟ್ಟ ಮನೆಗಳಲ್ಲಿ ಯಾರು ಏನು ನೋಡಿದರು ಅಂತ ಅಳೆಯುತ್ತದೆ, ಅದರ ಲೆಕ್ಕ ಗುರುವಾರ ಬರುತ್ತದೆ. ಅಂಕ ಚೆನ್ನಾಗಿದ್ದರೆ ಕಥೆಯನ್ನು ಮುಗಿಸುವ ಮನಸ್ಸು ಯಾರಿಗೂ ಬರುವುದಿಲ್ಲ. ಕಮ್ಮಿಯಾದರೆ ಹೊಸ ವಿಲನ್ ಬರುತ್ತಾನೆ, ಅಪಘಾತ ಆಗುತ್ತದೆ, ಅದೂ ಆಗದಿದ್ದರೆ ಸಮಯ ಬದಲಾಗುತ್ತದೆ. ನಿಮ್ಮ ನಾಲ್ಕು ವರ್ಷದ ಸೀರಿಯಲನ್ನು ರಾತ್ರಿ ಎಂಟರಿಂದ ತೆಗೆದು ಸಂಜೆ ಆರಕ್ಕೋ ರಾತ್ರಿ ಹತ್ತೂವರೆಗೋ ಹಾಕಿದ್ದರೆ, ಅದು ಮುಗಿಯುವ ಹಂತಕ್ಕೆ ಬಂದಿರುವ ಸಾಧ್ಯತೆ ಜಾಸ್ತಿ. ಹಾಗಿದ್ದರೆ ಈಗ ಬಿಡಬೇಡಿ. ಕೊನೆ ನೋಡಿಯೇ ಬಿಡಿ, ನಾಲ್ಕು ವರ್ಷ ಜೊತೆಗಿದ್ದವರಿಗೆ ಅಷ್ಟು ಸಲ್ಲಬೇಕು.

ಪ್ರಶ್ನೆ: ನಮ್ಮ ಅತ್ತೆ ಕನ್ನಡ ಸೀರಿಯಲ್ ನೋಡುತ್ತಾರೆ, ನಾನು ಮಲಯಾಳ. ಎಷ್ಟೋ ಸಲ ಎರಡೂ ಒಂದೇ ಕಥೆ. ಅತ್ತೆಗೆ ಮುಂದೆ ಏನಾಗುತ್ತದೆ ಅಂತ ನಾನೇ ಹೇಳಿಬಿಡುತ್ತೇನೆ, ಅವರಿಗೆ ಬೇಜಾರಾಗುತ್ತದೆ. ಹೀಗಿದ್ದಾಗ ಎರಡೂ ನೋಡಬೇಕಾ?
– ಮಂಜೇಶ್ವರ

ಉತ್ತರ: ಮೊದಲು, ಅತ್ತೆಗೆ ಹೇಳುವುದನ್ನು ನಿಲ್ಲಿಸಿ ತಂಗಿ. ಅವರ ಸಂತೋಷ ಅದರಲ್ಲೇ ಇರುವುದು.

ಎರಡು ಭಾಷೆ ಗೊತ್ತಿರುವ ನಮ್ಮ ಗಡಿನಾಡಿನವರಿಗೆ ಇದು ಬೇಗ ಗೊತ್ತಾಗುತ್ತದೆ. ತಮಿಳಿನ 'ಪಾಂಡಿಯನ್ ಸ್ಟೋರ್ಸ್' 2018ರಲ್ಲಿ ಶುರುವಾಯಿತು. ಅದೇ ಕಥೆ ಕನ್ನಡದಲ್ಲಿ 'ವರಲಕ್ಷ್ಮೀ ಸ್ಟೋರ್ಸ್' ಆಯಿತು, ಮಲಯಾಳದಲ್ಲಿ 'ಸಾಂತ್ವನಂ' ಆಯಿತು. ಬಂಗಾಳಿಯ 'ಶ್ರೀಮೊಯಿ' 2019ರದ್ದು. ಮನೆಗಾಗಿ ಸವೆದ ಹೆಂಡತಿ, ಬೇರೆ ಹೆಣ್ಣಿನ ಹಿಂದೆ ಹೋದ ಗಂಡ. ಅದು ಮಲಯಾಳದಲ್ಲಿ 'ಕುಡುಂಬವಿಳಕ್ಕ್', ಕನ್ನಡದಲ್ಲಿ 'ಇಂತಿ ನಿಮ್ಮ ಆಶಾ', ಹಿಂದಿಯಲ್ಲಿ 'ಅನುಪಮಾ'. ಕಥೆ ಒಂದೇ ಆದರೂ ಬೆಳೆದ ರೀತಿ ಒಂದೇ ಅಲ್ಲ. ಒಂದು ಭಾಷೆಯಲ್ಲಿ ವರ್ಷಗಟ್ಟಲೆ ನಡೆದದ್ದು ಇನ್ನೊಂದರಲ್ಲಿ ಬೇಗ ಮುಗಿದಿದೆ.

ಎರಡೂ ನೋಡಬೇಕಾಗಿಲ್ಲ. ನಟನೆ ಯಾವುದರಲ್ಲಿ ಹಿಡಿಸಿತೋ ಅದನ್ನು ಇಟ್ಟುಕೊಳ್ಳಿ. ಒಂದೇ ದೃಶ್ಯವನ್ನು ಎರಡರಲ್ಲೂ ನೋಡಿ, ಉದಾಹರಣೆಗೆ ಹೆಂಡತಿಗೆ ಗಂಡನ ವಿಷಯ ಗೊತ್ತಾಗುವ ದಿನ. ಯಾವುದರಲ್ಲಿ ನಿಮಗೆ ಅವಳ ಮುಖದಿಂದ ಕಣ್ಣು ತೆಗೆಯಲು ಆಗಲಿಲ್ಲ? ಅದೇ ನಿಮ್ಮದು. ಅತ್ತೆಯ ಆಯ್ಕೆ ಬೇರೆ ಆದರೆ ಇರಲಿ, ಅರ್ಧ ಗಂಟೆ ಅವರ ಜೊತೆ ಕೂತು ಕನ್ನಡದ್ದು ನೋಡಿ.

ಪ್ರಶ್ನೆ: ಇಲ್ಲಿ ಮನೆಯಲ್ಲಿ ಕನ್ನಡ, ಊರಲ್ಲಿ ಮರಾಠಿ. ರೀಮೇಕ್ ಶುರುವಾದರೆ ಮರಾಠಿಯ ಕಥೆ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಕನ್ನಡದ್ದನ್ನು ಎಲ್ಲಿಯವರೆಗೆ ನೋಡುವುದು?
– ಅಕ್ಕಲಕೋಟೆ, ಸೊಲ್ಲಾಪುರ ಜಿಲ್ಲೆ

ಉತ್ತರ: ಮೂಲ ಎಷ್ಟು ದಿನ ಓಡಿತು ಅಂತ ನೋಡಿಕೊಳ್ಳಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಮರಾಠಿಯ 'ತುಲಾ ಪಾಹತೆ ರೇ' 2018ರ ಆಗಸ್ಟ್‌ನಲ್ಲಿ ಶುರುವಾಗಿ 2019ರ ಜುಲೈಗೆ ಮುಗಿಯಿತು, ಒಂದು ವರ್ಷ ತುಂಬಲಿಲ್ಲ. ಅದೇ ಕಥೆಯ ಕನ್ನಡ ರೂಪ 'ಜೊತೆ ಜೊತೆಯಲಿ' 2019ರ ಸೆಪ್ಟೆಂಬರ್‌ನಿಂದ 2023ರ ಮೇ ತನಕ ಓಡಿತು. ಒಂದು ವರ್ಷಕ್ಕೆ ಬರೆದ ಕಥೆ ಮೂರೂವರೆ ವರ್ಷಕ್ಕೂ ಮೇಲೆ ಎಳೆದರೆ ಹೆಚ್ಚಿನ ಭಾಗ ಹೊಸದಾಗಿ ಕಟ್ಟಿದ್ದೇ ಆಗಿರುತ್ತದೆ. ಮೂಲದ ಕಥೆ ಮುಗಿದ ಜಾಗ ನಿಮಗೆ ಗೊತ್ತಲ್ವಾ? ಕನ್ನಡದ್ದು ಅಲ್ಲಿಗೆ ತಲುಪಿದಾಗ ಒಂದು ತಿಂಗಳು ಗಮನ ಇಟ್ಟು ನೋಡಿ. ಕನ್ನಡದ ಬರಹಗಾರರಿಗೆ ತಮ್ಮದೇ ಆದ ಕಥೆ ಇದ್ದರೆ ಆ ತಿಂಗಳಲ್ಲಿ ಕಾಣುತ್ತದೆ. ಇಲ್ಲದಿದ್ದರೆ ಹಳೆಯ ಜಗಳವೇ ಹೊಸ ಸೀರೆ ಉಟ್ಟುಕೊಂಡು ಬರುತ್ತದೆ.

ಪ್ರಶ್ನೆ: ನಾವು ನೋಡುವ ಸೀರಿಯಲ್‌ನಲ್ಲಿ ನಾಯಕನೇ ಬದಲಾಗಿದ್ದಾನೆ. ಮನಸ್ಸು ಒಪ್ಪುತ್ತಿಲ್ಲ.
– ಪೆರ್ಲ

ಉತ್ತರ: ಎರಡು ವಾರ ಕೊಡಿ. ಈಗ ಹೇಳಿದ 'ಜೊತೆ ಜೊತೆಯಲಿ'ಯಲ್ಲೇ 2022ರಲ್ಲಿ ಅನಿರುದ್ಧ್ ಹೊರಬಂದ ಮೇಲೆ ಹರೀಶ್ ರಾಜ್ ಬಂದರು. ಕೆಲವರು ಆಗ ನೋಡುವುದು ಬಿಟ್ಟರು, ಕೆಲವರು ಕೊನೆವರೆಗೂ ನೋಡಿದರು. ಎರಡೂ ಸರಿಯೇ. ಹೊಸಬರಿಗೆ ಎದುರಿಗಿರುವ ಪಾತ್ರದ ಜೊತೆ ಮಾತಾಡುವ ಹದ ಸಿಕ್ಕಿದೆಯಾ ಅಂತ ನೋಡಿ. ಎರಡು ವಾರದಲ್ಲೂ ನೀವು ಹಳಬರನ್ನೇ ನೆನೆಯುತ್ತಿದ್ದರೆ ಬಿಟ್ಟುಬಿಡಿ.

ಪ್ರಶ್ನೆ: ನಾನು ಪ್ಲಸ್ ಟು ವಿದ್ಯಾರ್ಥಿನಿ. ಅಮ್ಮನ ಜೊತೆ ಒಂದು ಸೀರಿಯಲ್ ನೋಡುತ್ತೇನೆ, ಪೂರ್ತಿ ಬಿಡಲು ಇಷ್ಟ ಇಲ್ಲ. ಓದಲಿಕ್ಕೂ ಉಂಟು.
– ಮುಳ್ಳೇರಿಯ

ಉತ್ತರ: ಪೂರ್ತಿ ಬಿಡುವುದು ಬೇಡ. ಸೋಮವಾರದಿಂದ ಶುಕ್ರವಾರ ಬರುವ ಸೀರಿಯಲ್ ಆದರೆ ಶುಕ್ರವಾರದ್ದು ತಪ್ಪಿಸಬೇಡ, ಸೋಮವಾರದ್ದು ನೋಡು. ಎರಡು ದಿನ ಬಿಡುವು ಇರುವುದರಿಂದ ಶುಕ್ರವಾರ ದೊಡ್ಡದೇನಾದರೂ ಇಟ್ಟು ನಿಲ್ಲಿಸುತ್ತಾರೆ, ಅದು ಬಿಡಿಸಿಕೊಳ್ಳುವುದು ಸೋಮವಾರ. ನಡುವೆ ಆದದ್ದನ್ನು ಅಮ್ಮನ ಹತ್ತಿರ ಊಟಕ್ಕೆ ಕೂತಾಗ ಕೇಳು. ಮೊಬೈಲ್ ಆ್ಯಪ್‌ನಲ್ಲಿ ನೋಡುವುದಾದರೆ ಮಾತ್ರ ಹುಷಾರು, ಒಂದು ಮುಗಿದ ಕೂಡಲೇ ಮುಂದಿನದ್ದು ತಾನಾಗಿ ಶುರುವಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿಟ್ಟುಕೋ.

ಪ್ರಶ್ನೆ: ನಮ್ಮ ಕೇಬಲ್ ಪ್ಯಾಕ್‌ನಲ್ಲಿ ಎಲ್ಲ ಮಲಯಾಳ ಚಾನೆಲ್. ಕನ್ನಡಕ್ಕೆ ಇನ್ನೊಂದು ಪ್ಯಾಕ್ ಹಾಕಿಸಬೇಕಂತೆ. ಒಂದು ಸೀರಿಯಲ್‌ಗೋಸ್ಕರ ಹಾಕಿಸಬಹುದಾ?
– ಬೋವಿಕ್ಕಾನ

ಉತ್ತರ: ಇಡೀ ಪ್ಯಾಕ್ ಬೇಕೆಂದಿಲ್ಲ. 2019ರ ಫೆಬ್ರವರಿಯಿಂದ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್‌ನ ನಿಯಮದ ಪ್ರಕಾರ ಬೇಕಾದ ಚಾನೆಲನ್ನು ಬಿಡಿಯಾಗಿ ಆರಿಸಿಕೊಳ್ಳಬಹುದು, ಪ್ರತಿ ಚಾನೆಲ್‌ಗೂ ಬೇರೆ ದರ ಇರುತ್ತದೆ. ಕೇಬಲಿನವರ ಹತ್ತಿರ ಒಂದೇ ಚಾನೆಲ್ ಸಾಕು ಅಂತ ಕೇಳಿ. ದೂರದರ್ಶನದ ಚಂದನ ಉಚಿತ ಚಾನೆಲ್, ಅದು ನಿಮ್ಮಲ್ಲಿ ಬರುತ್ತಾ ಅಂತಲೂ ನೋಡಿ. ಎರಡು ಮೂರು ಕನ್ನಡ ಚಾನೆಲ್ ಬೇಕು ಅಂತಾದರೆ ಪ್ಯಾಕೇ ಅಗ್ಗ ಆಗಬಹುದು. ಎರಡರ ದರವನ್ನೂ ಕೇಳಿ ನೋಡಿ.

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕ. ದಿನಾ ಬರುವುದನ್ನು ನೋಡುವ ತಾಳ್ಮೆ ಇಲ್ಲ. ಮುಗಿದಿರುವ, ನೋಡಬಹುದಾದ ಒಂದೆರಡು ಹೇಳಿ.
– ಕುಂಬಳೆ

ಉತ್ತರ: ಮಾಷ್ಟ್ರೇ, ನಿಮ್ಮ ಮಾತು ನನಗೆ ಪೂರ್ತಿ ಅರ್ಥ ಆಗುತ್ತದೆ. ಸಂಜೆ ಚೆಂಡೆ ಹೊಡೆದು ಶುರುವಾದ ಪ್ರಸಂಗ ಬೆಳಗಾಗುವಾಗ ಮಂಗಳ ಹಾಡುವುದನ್ನು ನೋಡಿ ಬೆಳೆದವರು ನಾವು. ಕಥೆಗೆ ಕೊನೆ ಇದೆ ಅಂತ ಗೊತ್ತಿದ್ದರೆ ನೋಡುವ ಮನಸ್ಸೇ ಬೇರೆ.

ಶಂಕರ್‌ನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್' 1986ರದ್ದು, ಆಗುಂಬೆಯಲ್ಲಿ ಚಿತ್ರೀಕರಿಸಿದ್ದು. ಅದು ಹಿಂದಿ, ಇಂಗ್ಲಿಷಿನಲ್ಲಿ ಬಂದದ್ದಾದರೂ ನೋಡುವಾಗ ನಮ್ಮೂರಿನದ್ದೇ ಅನಿಸುತ್ತದೆ. ಹೆಚ್ಚಿನ ಕಥೆಗಳು ಒಂದೇ ಕಂತಿನಲ್ಲಿ ಮುಗಿಯುತ್ತವೆ. ಕನ್ನಡದಲ್ಲಿ ನನ್ನ ಮೊದಲ ಆಯ್ಕೆ 'ಗೃಹಭಂಗ'. ಭೈರಪ್ಪನವರ ಕಾದಂಬರಿ, ಗಿರೀಶ್ ಕಾಸರವಳ್ಳಿ ಅವರ ನಿರ್ದೇಶನ, ನಂಜಮ್ಮನಾಗಿ ಮಾಳವಿಕಾ. ಬರಗಾಲ, ಪ್ಲೇಗು, ಹಟಮಾರಿ ಅತ್ತೆ, ಕೈಲಾಗದ ಗಂಡ, ಇವರೆಲ್ಲರ ನಡುವೆ ಆ ಹೆಂಗಸು ಶಾನುಭೋಗಿಕೆಯ ಲೆಕ್ಕ ಬರೆದು ಮಕ್ಕಳನ್ನು ಸಾಕುತ್ತಾಳೆ. ಕಷ್ಟಗಳು ಮೇಲಿಂದ ಮೇಲೆ ಬಂದರೂ ಪ್ರತಿ ಸಲ ಅವಳೇ ಏನಾದರೊಂದು ನಿರ್ಧಾರ ಮಾಡುತ್ತಾಳೆ. ಬದಿಯಡ್ಕದವರಿಗೆ ಹೇಳಿದ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಟಿ.ಎನ್. ಸೀತಾರಾಮ್ ಅವರ ತಂಡದ 'ಮಾಯಾಮೃಗ' 1998ರಲ್ಲಿ ದೂರದರ್ಶನದಲ್ಲಿ ಬಂದಾಗ ನೀವೇ ನೋಡಿರಬಹುದು, ಅದೂ ಮತ್ತೆ ನೋಡುವಂಥದ್ದು. ಅವರದ್ದೇ 'ಮಗಳು ಜಾನಕಿ' ಚೆನ್ನಾಗಿದೆ, ಆದರೆ ಅದು 2020ರ ಲಾಕ್‌ಡೌನ್ ಹೊತ್ತಿಗೆ ಅರ್ಧದಲ್ಲೇ ನಿಂತಿತು. ಕೊನೆ ಬೇಕು ಅನ್ನುವ ನಿಮಗೆ ಅದು ಬೇಡ.

ಪ್ರಶ್ನೆ: ಮೊಮ್ಮಗಳಿಗೆ ಒಂಬತ್ತು ವರ್ಷ. ಶಾಲೆಯಲ್ಲಿ ಇಂಗ್ಲಿಷ್, ಮಲಯಾಳ. ಕನ್ನಡ ಕೇಳುವುದು ನನ್ನ ಬಾಯಲ್ಲಿ ಮತ್ತು ಸೀರಿಯಲ್‌ನಲ್ಲಿ ಮಾತ್ರ. ಮಗಳು ಸೀರಿಯಲ್ ಬಂದ್ ಮಾಡು ಅನ್ನುತ್ತಾಳೆ. ಏನು ಮಾಡಲಿ?
– ಅಜ್ಜಿ, ಉಪ್ಪಳ

ಉತ್ತರ: ಅಮ್ಮಾ, ಈ ಪತ್ರವನ್ನು ನಾನು ಮತ್ತೆ ಮತ್ತೆ ಓದಿದೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮಗುವಿನ ಕನ್ನಡ ಈಗ ಉಳಿದಿರುವುದು ಅಜ್ಜಿಯ ಹತ್ತಿರ. ಅದಕ್ಕೆ ಸೀರಿಯಲ್‌ನಿಂದ ಒಂದಿಷ್ಟು ಸಹಾಯ ಆಗುವುದಾದರೆ ಅದನ್ನು ಸುಮ್ನೆ ಬಿಟ್ಟುಕೊಡಬಾರದು. ಆದರೆ ನಿಮ್ಮ ಮಗಳ ಮಾತಿನಲ್ಲೂ ಹುರುಳಿದೆ. ಕೆನ್ನೆಗೆ ಹೊಡೆಯುವುದು, ವಿಷ ಹಾಕುವುದು, ಸೊಸೆಯನ್ನು ಹೊರಗೆ ತಳ್ಳುವುದು ಇವನ್ನೆಲ್ಲ ಒಂಬತ್ತು ವರ್ಷದ ಮಗು ದಿನಾ ನೋಡಬೇಕಾಗಿಲ್ಲ. ಅಂಥವನ್ನು ಅವಳು ಮಲಗಿದ ಮೇಲೆ ನೋಡಿ.

ಅವಳ ಜೊತೆ ನೋಡಲು ಒಂದೇ ಒಂದನ್ನು ಆರಿಸಿಕೊಳ್ಳಿ. 2020ರಿಂದ 2023ರವರೆಗೆ ಬಂದ 'ಕನ್ನಡತಿ'ಯ ಹಳೆಯ ಕಂತುಗಳು ಸಿಕ್ಕಿದರೆ ಅದರಿಂದಲೇ ಶುರುಮಾಡಿ. ಅದರ ನಾಯಕಿ ಭುವನೇಶ್ವರಿ ಕನ್ನಡ ಮೇಡಂ. ಕಂತಿನ ಕೊನೆಗೆ ಆ ಪಾತ್ರ ಮಾಡಿದ ರಂಜನಿ ರಾಘವನ್ 'ಸರಿಗನ್ನಡಂ ಗೆಲ್ಗೆ' ಅಂತ ಯಾವುದಾದರೊಂದು ಪದದ ಸರಿಯಾದ ಬಳಕೆ ಹೇಳಿಕೊಡುತ್ತಿದ್ದರು. ಮಗು ಅದಕ್ಕೋಸ್ಕರವೇ ಕಾಯಬಹುದು. ಪುರಾಣ ಇಷ್ಟ ಆದರೆ 2020ರಲ್ಲಿ ಕನ್ನಡಕ್ಕೆ ಡಬ್ ಆಗಿ ಬಂದ 'ಮಹಾಭಾರತ' ಉಂಟು. ಅದರ ಮಾತು ಸ್ವಲ್ಪ ಗ್ರಾಂಥಿಕ, ಆದರೆ ಯಕ್ಷಗಾನ ನೋಡಿದ ಮಗುವಿಗೆ ಕಷ್ಟ ಆಗಲಾರದು. ಟಿವಿಯ ಕನ್ನಡ ಬೆಂಗಳೂರು, ಮೈಸೂರು ಕಡೆಯದ್ದು, ನಮ್ಮ ಮನೆಮಾತು ಬೇರೆ. ಅದಕ್ಕೆ ಚಿಂತೆ ಬೇಡ, ಮಕ್ಕಳು ಎರಡನ್ನೂ ಹಿಡಿದುಕೊಳ್ಳುತ್ತಾರೆ.

ಒಂದು ಕೆಲಸ ಮಾತ್ರ ತಪ್ಪದೆ ಮಾಡಿ. ನಿಯಮದ ಪ್ರಕಾರ ಗಂಟೆಗೆ 12 ನಿಮಿಷದವರೆಗೆ ಜಾಹೀರಾತು ಹಾಕಬಹುದು, ಅಂದರೆ ಅರ್ಧ ಗಂಟೆಯಲ್ಲಿ ಆರು ನಿಮಿಷ ನಿಮಗೇ ಸಿಗುತ್ತದೆ. ಜಾಹೀರಾತು ಬಂದ ಕೂಡಲೇ ಟಿವಿಯ ಶಬ್ದ ನಿಲ್ಲಿಸಿ, ಈಗ ಏನಾಯಿತು, ಅವಳು ಹಾಗೆ ಯಾಕೆ ಮಾಡಿದಳು ಅಂತ ಮೊಮ್ಮಗಳ ಬಾಯಿಂದ ಹೇಳಿಸಿ. ನಡುವೆ ಮಲಯಾಳ ಬೆರೆತರೆ ತಡೆಯಬೇಡಿ, ಅವಳು ಹೇಳಿ ಮುಗಿಸಲಿ. ಆಮೇಲೆ ಅದೇ ಮಾತನ್ನು ನೀವು ಒಮ್ಮೆ ಕನ್ನಡದಲ್ಲಿ ಹೇಳಿ. ವಾರಕ್ಕೊಮ್ಮೆ ಮಗಳನ್ನೂ ಪಕ್ಕಕ್ಕೆ ಕೂರಿಸಿಕೊಳ್ಳಿ. ಮಗು ಕನ್ನಡದಲ್ಲಿ ಕಥೆ ಹೇಳುವುದನ್ನು ಅವರೂ ಒಮ್ಮೆ ಕೇಳಿದರೆ ಬಂದ್ ಮಾಡು ಅನ್ನಲಿಕ್ಕಿಲ್ಲ.